ಹಾಸಿಗೆ ತುಮಕೂರಿನಲ್ಲಿ, ದುಡಿಮೆ ಬೆಂಗಳೂರಿನಲ್ಲಿ, ನೀರು ಮಲೆನಾಡಿನದು

ಬೆಳಕು ಹರಿಯುವ ಮುನ್ನವೇ ತುಮಕೂರು ರೈಲು ನಿಲ್ದಾಣದ ಎದುರು ದ್ವಿಚಕ್ರ ವಾಹನಗಳ ಸಾಲು ಬೆಳೆಯತೊಡಗುತ್ತದೆ. ಹೆಗಲಿಗೆ ಚೀಲ, ಚೀಲದಲ್ಲಿ ಊಟದ ಡಬ್ಬಿ, ಕಿಸೆಯಲ್ಲಿ ತಿಂಗಳ ಪಾಸು. ಗಾಡಿ ಬಂದು ನಿಂತೊಡನೆ ಜಾಗ ಸಿಕ್ಕವರು ಕುಳಿತು ಕಣ್ಣು ಮುಚ್ಚುತ್ತಾರೆ. ಸಿಗದವರು ಬಾಗಿಲ ಬಳಿ ಒರಗಿ ನಿಲ್ಲುತ್ತಾರೆ. ಕ್ಯಾತಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರಗಳನ್ನು ದಾಟಿ ಯಶವಂತಪುರ ತಲುಪುವವರೆಗೆ ಡಬ್ಬಿಯೊಳಗೆ ಕಾಲಿಡಲೂ ಜಾಗವಿರುವುದಿಲ್ಲ. ದಾರಿಯಲ್ಲಿ ಶಿವಗಂಗೆಯ ಬೆಟ್ಟ ದಿನವೂ ಕಾಣಿಸಿಕೊಂಡು ಮರೆಯಾಗುತ್ತದೆ; ತಲೆಯೆತ್ತಿ ನೋಡುವವರು ವಿರಳ. ಸಂಜೆಗೆ ಇದೇ ಜನ, ಇದೇ ದಾರಿ, ಎದುರು ದಿಕ್ಕು.

ತುಮಕೂರಿನಿಂದ ಬೆಂಗಳೂರಿಗೆ ದಿನನಿತ್ಯ ಹೋಗಿಬರುವವರು ಹೊಸಬರೇನಲ್ಲ. ಸರ್ಕಾರಿ ಕಚೇರಿಯ ಗುಮಾಸ್ತರು, ಪೀಣ್ಯದ ಕಾರ್ಖಾನೆಗಳ ಕಾರ್ಮಿಕರು, ನ್ಯಾಯಾಲಯದ ಕೆಲಸದವರು, ಕಾಲೇಜು ವಿದ್ಯಾರ್ಥಿಗಳು ದಶಕಗಳಿಂದ ಈ ದಾರಿಯನ್ನು ಸವೆಸಿದ್ದಾರೆ. ಅವರು ತಮ್ಮ ಊರಿನಲ್ಲೇ ಇದ್ದುಕೊಂಡು ದುಡಿಮೆಗಾಗಿ ಹೊರಟವರು. ಅವರ ಜೊತೆಗೀಗ ಇನ್ನೊಂದು ಬಗೆಯ ಪ್ರಯಾಣಿಕರು ಸೇರಿಕೊಂಡಿದ್ದಾರೆ. ಹತ್ತು ಹದಿನೈದು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಅಲ್ಲಿ ನೆಲೆ ನಿಲ್ಲಲಾಗದೆ, ಕೆಲಸವನ್ನು ಅಲ್ಲಿಯೇ ಬಿಟ್ಟು ಸಂಸಾರವನ್ನು ಮಾತ್ರ ಲಾರಿಗೆ ತುಂಬಿ ತಂದವರು. ಇವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಶಿವಮೊಗ್ಗದ ರೈಲೂ ರಸ್ತೆಯೂ ತುಮಕೂರನ್ನು ಹಾದೇ ಬೆಂಗಳೂರಿಗೆ ಹೋಗುವುದರಿಂದ ತೀರ್ಥಹಳ್ಳಿ, ಸಾಗರ, ಕೊಪ್ಪ, ಕಡೂರು ಕಡೆಯವರಿಗೆ ಅದು ಪರಿಚಿತ ನಿಲ್ದಾಣ. ಮಗ ಬೆಂಗಳೂರು ಬಿಟ್ಟು ತುಮಕೂರಿಗೆ ಬಂದನೆಂದರೆ ಊರಿನಲ್ಲಿ ತೋಟ ಕಾಯುತ್ತಿರುವ ತಂದೆತಾಯಿಗೆ ಅದೊಂದು ಸಮಾಧಾನ. ‘ಎಪ್ಪತ್ತು ಕಿಲೋಮೀಟರಾದರೂ ಹತ್ತಿರಕ್ಕೆ ಬಂದ’ ಎಂದುಕೊಳ್ಳುತ್ತಾರೆ.

ಹೀಗೆ ಬಂದವರನ್ನು ಯಾರೂ ದೂರಲಾಗದು. ಬೆಂಗಳೂರಿನ ಬಾಡಿಗೆ, ಅದಕ್ಕೆ ಮುನ್ನ ಒಟ್ಟಿಗೇ ಎಣಿಸಿ ಕೊಡಬೇಕಾದ ಹಲವು ತಿಂಗಳ ಮುಂಗಡ, ಶಾಲೆಯ ಶುಲ್ಕ, ಮಗುವಿನ ಕೆಮ್ಮು, ರಸ್ತೆಯ ಮೇಲೆ ನಿಂತಲ್ಲೇ ಕಳೆಯುವ ಹೊತ್ತು ಇವನ್ನೆಲ್ಲ ಲೆಕ್ಕ ಹಾಕಿದವರು ಎಂದೋ ಒಂದು ದಿನ ಗಂಟು ಕಟ್ಟುತ್ತಾರೆ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಬಹುಮಹಡಿ ಮನೆಗಳವರೂ ಟ್ಯಾಂಕರಿಗಾಗಿ ಕಾದು ನಿಂತಾಗ ಹಾಗೆ ನಿರ್ಧರಿಸಿದವರು ಇನ್ನಷ್ಟು ಮಂದಿ ಇದ್ದಿರಬಹುದು. ತುಮಕೂರಿನಲ್ಲಿ ಅದೇ ಹಣಕ್ಕೆ ಎರಡು ಕೋಣೆ ಹೆಚ್ಚು ಸಿಗುತ್ತದೆ, ಅಂಗಳದಲ್ಲಿ ಒಂದು ತುಳಸಿಗೂ ಕರಿಬೇವಿಗೂ ಎಡೆ ಸಿಗುತ್ತದೆ. ಒಂದು ಸಂಸಾರದ ಮಟ್ಟಿಗೆ ನೋಡಿದರೆ ಇದು ವಿವೇಕದ ನಿರ್ಧಾರವೇ. ತೊಡಕು ಇರುವುದು ಬೇರೆಡೆ. ಇಂಥ ಸಾವಿರಾರು ನಿರ್ಧಾರಗಳನ್ನು ಒಟ್ಟುಗೂಡಿಸಿ ಅದಕ್ಕೆ ‘ವಿಕೇಂದ್ರೀಕರಣ’ ಎಂದು ಹೆಸರಿಡುವ ಆಡಳಿತದ ಮಾತಿನಲ್ಲಿ. ಆ ಮಾತನ್ನು ನಂಬಿ ತಲೆದೂಗುವ ಪರಿಸರಾಸಕ್ತರಲ್ಲಿ ಕೂಡ.

ಮೊದಲು ದೂರದ ಲೆಕ್ಕ. ಎರಡೂ ನಗರಗಳ ನಡುವೆ ಸುಮಾರು 70 ಕಿಲೋಮೀಟರು. ಹೋಗಿಬರಲು 140. ವರ್ಷಕ್ಕೆ 280 ದಿನ ಕೆಲಸವೆಂದು ಹಿಡಿದರೆ 39 ಸಾವಿರ ಕಿಲೋಮೀಟರು ದಾಟುತ್ತದೆ. ಭೂಮಿಯ ಸುತ್ತಳತೆ 40 ಸಾವಿರ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಎರಡು ಗಂಟೆ ಎಂದು ಉದಾರವಾಗಿ ಎಣಿಸಿದರೂ ವರ್ಷದಲ್ಲಿ 1,120 ಗಂಟೆ, ಅಂದರೆ 46 ಹಗಲು ರಾತ್ರಿಗಳು ದಾರಿಯಲ್ಲಿ ಕಳೆಯುತ್ತವೆ. ರೈಲಿನಲ್ಲಿ ಹೋಗುವವರ ಇಂಧನದ ಪಾಲು ಅಲ್ಪ, ಅದು ನಿಜ. ಆದರೆ ರೈಲಿನ ವೇಳೆಗೆ ಹೊಂದದ ಕೆಲಸದವರು, ರಾತ್ರಿ ಪಾಳಿಯವರು, ನಿಲ್ದಾಣದಿಂದ ದೂರದಲ್ಲಿ ಸೈಟು ಕೊಂಡವರು ಹೆದ್ದಾರಿಗೇ ಇಳಿಯುತ್ತಾರೆ. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಬೆಳಗಿನ ಹೊತ್ತು ಅದು ಹೆದ್ದಾರಿಯಾಗಿರುವುದಿಲ್ಲ, ವಾಹನ ನಿಲ್ದಾಣವಾಗಿರುತ್ತದೆ. 2021ರ ಡಿಸೆಂಬರಿನಲ್ಲಿ ಪೀಣ್ಯದ ಮೇಲ್ಸೇತುವೆ ದುರಸ್ತಿಗಾಗಿ ಮುಚ್ಚಿದಾಗ ಒಂದು ಸೇತುವೆಯ ಮೇಲೆ ಎಷ್ಟು ಸಂಸಾರಗಳ ಬೆಳಗು ಬೈಗು ನಿಂತಿವೆ ಎಂಬುದು ಎಲ್ಲರಿಗೂ ತಿಳಿಯಿತು.

ಬೆಂಗಳೂರಿನ ಒತ್ತಡವನ್ನು ಸುತ್ತಲಿನ ಊರುಗಳಿಗೆ ಹಂಚಬೇಕೆಂಬ ಆಲೋಚನೆಗೆ ವಯಸ್ಸಾಗಿದೆ. ಕೆಂಗೇರಿಯನ್ನೂ ಯಲಹಂಕವನ್ನೂ ‘ಉಪನಗರ’ ಎಂದು ಕರೆದು ಬಡಾವಣೆಗಳನ್ನು ಎಬ್ಬಿಸಿದ ಕಾಲದಲ್ಲಿ ಅವೆರಡೂ ಬೆಂಗಳೂರಿನಿಂದ ಬೇರೆಯೇ ಆಗಿದ್ದ ಊರುಗಳು. ನಡುವೆ ಹೊಲ, ತೋಪು, ಕೆರೆಗಳಿದ್ದವು. ಇಂದು ಆ ಹೆಸರುಗಳಲ್ಲಿ ಉಳಿದಿರುವ ‘ಉಪ’ ಎಂಬ ಪೂರ್ವಪದಕ್ಕೆ ಬಸ್ಸಿನ ಫಲಕದಾಚೆ ಅರ್ಥವಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅವೆರಡೂ ನಗರದ ಹೊಟ್ಟೆ ಸೇರಿದವು. ಜೊತೆಗೆ ಸುತ್ತಲಿನ 110 ಹಳ್ಳಿಗಳೂ ಸೇರಿದವು. ಆ ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಗರವೆಂಬ ಹೆಸರು ಮೊದಲು ಬಂತು, ನೀರು 17 ವರ್ಷದ ನಂತರ ಬಂತು. ನಡುವಿನ ಕಾಲದಲ್ಲಿ ಅಲ್ಲಿ ಮನೆ ಕಟ್ಟಿದವರು ಪಾತಾಳದ ನೀರನ್ನು ಮೇಲೆತ್ತಿ ಮುಗಿಸಿದರು.

2006–07ರ ವೇಳೆಗೆ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿಗಳಲ್ಲಿ ಐದು ಹೊಸ ಉಪನಗರಗಳನ್ನು ಕಟ್ಟುವ ಪ್ರಸ್ತಾಪ ಬಂದು ರೈತರ ವಿರೋಧದ ನಡುವೆ ನನೆಗುದಿಗೆ ಬಿತ್ತು. ಅವುಗಳಲ್ಲಿ ಬಿಡದಿಯದು ಮತ್ತೆ ಎದ್ದು ಬಂದು, 2025ರಲ್ಲಿ ಬೈರಮಂಗಲದ ಸುತ್ತಿನ ರೈತರು ಮತ್ತೆ ಬೀದಿಗಿಳಿದರು. ಅದೇ ವರ್ಷದ ಜುಲೈನಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅದಕ್ಕಾಗಿ ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂರಬೇಕಾಯಿತು. ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡುವ ತೀರ್ಮಾನವನ್ನು ಸಚಿವ ಸಂಪುಟ ಕೈಗೊಂಡದ್ದೂ 2025ರಲ್ಲಿಯೇ. ಊರಿನ ಹೆಸರನ್ನೂ ಉಳಿಸಿಕೊಳ್ಳಲಾರದ ಉಪನಗರ ತನ್ನ ಕೆರೆಯನ್ನು ಹೇಗೆ ಉಳಿಸಿಕೊಂಡೀತು ಎಂಬ ಪ್ರಶ್ನೆ ಅಸಂಗತವೇನಲ್ಲ.

ತುಮಕೂರಿನ ಸುತ್ತ ಸರ್ಕಾರವೇ ಭೂಮಿ ವಶಪಡಿಸಿಕೊಳ್ಳಬೇಕಾದ ಅಗತ್ಯವೂ ಹೆಚ್ಚು ಬೀಳುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಬಾಗಿಲು ತೆರೆದ ಮೇಲೆ ರಾಗಿ ಹೊಲಕ್ಕೂ ಸೈಟಿಗೂ ನಡುವೆ ಇದ್ದ ಒಂದು ಗೋಡೆ ಬಿದ್ದುಹೋಯಿತು. ಕಲ್ಲು ನೆಟ್ಟು, ಕಮಾನು ಕಟ್ಟಿ, ಬಣ್ಣದ ಬಾವುಟ ಹಾರಿಸಿದರೆ ಬಡಾವಣೆಯ ಜಾಹೀರಾತು ಸಿದ್ಧ. ‘ಬೆಂಗಳೂರಿಗೆ ಇಷ್ಟು ನಿಮಿಷ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ನೀರು ಎಲ್ಲಿಂದ ಎಂಬುದು ಆ ಫಲಕದ ಮೇಲೆ ಇರುವುದಿಲ್ಲ.

ಅದಕ್ಕೆ ಉತ್ತರ ಮಲೆನಾಡಿನಲ್ಲಿದೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಮಗ್ಗುಲಲ್ಲಿ, ಜಾವಳಿಯ ಬಳಿ ಹುಟ್ಟುವ ಹೇಮಾವತಿ, ಸಕಲೇಶಪುರ, ಆಲೂರುಗಳ ಹಳ್ಳತೊರೆಗಳನ್ನು ಕೂಡಿಕೊಂಡು, ಯಗಚಿಯನ್ನೂ ಸೇರಿಸಿಕೊಂಡು ಗೊರೂರಿನಲ್ಲಿ ನಿಲ್ಲುತ್ತಾಳೆ. 1979ರಲ್ಲಿ ಪೂರ್ಣಗೊಂಡ ಆ ಜಲಾಶಯದ ಸಾಮರ್ಥ್ಯ 37 ಟಿಎಂಸಿ. ಅಲ್ಲಿಂದ ಎಡದಂಡೆಯ ನಾಲೆ ಬಾಗೂರು–ನವಿಲೆ ಸುರಂಗವನ್ನು ತೂರಿ ತುಮಕೂರು ಜಿಲ್ಲೆಯನ್ನು ಮುಟ್ಟುತ್ತದೆ. ನಗರದ ಪಾಲಿನ ನೀರು ಬುಗುಡನಹಳ್ಳಿಯ ಕೆರೆಯಲ್ಲಿ ಸಂಗ್ರಹವಾಗಿ, ಶುದ್ಧೀಕರಣಗೊಂಡು ನಲ್ಲಿಗಳಿಗೆ ಹೋಗುತ್ತದೆ. ಯಶವಂತಪುರದಿಂದ ರಾತ್ರಿ ಮರಳಿದ ಮೂಡಿಗೆರೆಯ ಹುಡುಗ ತುಮಕೂರಿನ ಬಾಡಿಗೆ ಮನೆಯಲ್ಲಿ ಮುಖ ತೊಳೆಯುವುದು ತನ್ನ ಊರಿನ ಮಳೆಯಲ್ಲಿಯೇ. ಆ ಮಳೆ ಅವನಿಗಿಂತ ಮೊದಲೇ ಊರು ಬಿಟ್ಟಿತ್ತು.

ಗೊರೂರು ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಅರ್ಧ ಮುಳುಗಿ ನಿಲ್ಲುತ್ತದೆ. ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಆ ಕಟ್ಟಡದ ಸುತ್ತ ಒಂದು ಊರಿತ್ತು. ವಾರಾಂತ್ಯಗಳಲ್ಲಿ ನಗರಗಳಿಂದ ಕಾರು ಮಾಡಿಕೊಂಡು ಬಂದವರು ಅದರೆದುರು ಚಿತ್ರ ತೆಗೆಸಿಕೊಳ್ಳುತ್ತಾರೆ. ತಮ್ಮ ಮನೆಯ ನಲ್ಲಿಗೂ ಆ ಮುಳುಗಡೆಗೂ ನಂಟಿದೆಯೆಂದು ತಿಳಿದವರು ಅವರಲ್ಲಿ ಎಷ್ಟು ಮಂದಿಯೋ. ಇದನ್ನು ಕುಹಕಕ್ಕಾಗಿ ಹೇಳಬೇಕಾಗಿಲ್ಲ. ನಲ್ಲಿ ತಿರುಗಿಸಿದಾಗ ನೀರು ಬರುವುದಷ್ಟೇ ಗೊತ್ತಿರುವಂತೆ ನಗರಗಳನ್ನು ಕಟ್ಟಲಾಗಿದೆ.

ಇಲ್ಲಿ ಒಂದು ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಬೇಕು. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರು ನೀರು ಎಂಬುದು ಸರ್ಕಾರಿ ಅಳತೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರು. ಭಾಗಿಸಿ ನೋಡಿದರೆ ಒಂದು ಟಿಎಂಸಿ ನೀರು ಐದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಇಡೀ ವರ್ಷ ಸಾಕು. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಮೂರು ಲಕ್ಷದಷ್ಟಿತ್ತು. ಅದು ಇಮ್ಮಡಿಯಾದರೂ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಬೇಕಾಗುವುದು ಒಂದು ಟಿಎಂಸಿಯ ಆಸುಪಾಸು. ಬೆಂಗಳೂರು ಬಿಟ್ಟು ಬಂದ ಹತ್ತು ಸಾವಿರ ಸಂಸಾರಗಳು ತಮ್ಮ ಕೊಡಗಳಲ್ಲಿ ಹೇಮಾವತಿಯನ್ನು ಬತ್ತಿಸಿಬಿಡುತ್ತವೆ ಎಂದು ಹೇಳುವವರು ಲೆಕ್ಕ ಕಲಿಯಬೇಕು. ಮಲೆನಾಡಿನ ವೇದಿಕೆಗಳ ಮೇಲೆ ಆಗಾಗ ಕೇಳಿಬರುವ ‘ನಗರದವರು ನಮ್ಮ ನೀರು ಕುಡಿದು ಮುಗಿಸಿದರು’ ಎಂಬ ಮಾತು ಚಪ್ಪಾಳೆ ಗಿಟ್ಟಿಸೀತು, ವಾದವಾಗಿ ನಿಲ್ಲದು.

ಅಪಾಯವಿರುವುದು ಆ ಸಂಸಾರದ ಕೊಡದಲ್ಲಲ್ಲ, ಅದರ ಹೆಸರಿನ ಬಳಕೆಯಲ್ಲಿ. ‘ಕುಡಿಯುವ ನೀರು’ ಎಂಬ ಮಾತು ನಮ್ಮ ದೇಶದಲ್ಲಿ ಎಲ್ಲ ಬಾಗಿಲುಗಳನ್ನೂ ತೆರೆಯುವ ಕೀಲಿಕೈ. ಎತ್ತಿನಹೊಳೆ ಯೋಜನೆಯೇ ಇದಕ್ಕೆ ಸಾಕ್ಷಿ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ 24 ಟಿಎಂಸಿ ನೀರನ್ನು ಘಟ್ಟದ ಮೇಲಕ್ಕೆತ್ತಿ ಪೂರ್ವದ ಏಳು ಜಿಲ್ಲೆಗಳಿಗೆ ಕೊಂಡೊಯ್ಯುವ ಈ ಯೋಜನೆಗೆ, ಅದು ಕುಡಿಯುವ ನೀರಿನದು ಎಂಬ ಕಾರಣವೊಡ್ಡಿ, 2006ರ ಅಧಿಸೂಚನೆಯಡಿ ಮಾಡಬೇಕಾದ ಪರಿಸರ ಪರಿಣಾಮದ ಅಧ್ಯಯನದಿಂದ ವಿನಾಯಿತಿ ದೊರೆಯಿತು. ಯೋಜನೆಯ ಪತ್ರಗಳ ಪ್ರಕಾರವೇ ಕುಡಿಯಲು ಮೀಸಲು ಸುಮಾರು 14 ಟಿಎಂಸಿ. ಉಳಿದ 10 ಟಿಎಂಸಿ ಕೆರೆ ತುಂಬಿಸಲು. ಕೆರೆ ತುಂಬಿಸುವುದು ಒಳ್ಳೆಯ ಕೆಲಸವೇ, ಕೋಲಾರ ಚಿಕ್ಕಬಳ್ಳಾಪುರಗಳ ಬವಣೆಯನ್ನು ಹಗುರವಾಗಿ ಕಾಣುವ ಹಕ್ಕು ವರ್ಷಕ್ಕೆ ನೂರಾರು ಅಂಗುಲ ಮಳೆ ಕಾಣುವವರಿಗಿಲ್ಲ. ಆದರೆ ಆ ಹೊಳೆಗಳಲ್ಲಿ ಒಟ್ಟು ಸಿಗುವುದೇ ಸುಮಾರು ಒಂಬತ್ತೂವರೆ ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು 2015ರಲ್ಲಿ ಅಂದಾಜಿಸಿದ್ದರು. 8 ಸಾವಿರ ಕೋಟಿಯ ಚಿಲ್ಲರೆಯಿಂದ ಆರಂಭವಾದ ವೆಚ್ಚದ ಅಂದಾಜು 23 ಸಾವಿರ ಕೋಟಿಯನ್ನು ದಾಟಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತಕ್ಕೆ ಚಾಲನೆ ಕೊಟ್ಟಾಗ ಹೊಳೆಯ ಕೆಳಹರಿವಿನಲ್ಲಿ ಗುಂಡ್ಯ, ಕುಮಾರಧಾರಾ, ನೇತ್ರಾವತಿಯ ದಂಡೆಯವರು ಎತ್ತಿದ್ದ ಪ್ರಶ್ನೆಗಳು ಹಾಗೆಯೇ ಉಳಿದಿದ್ದವು.

ಆ ಏಳು ಜಿಲ್ಲೆಗಳ ಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರ, ರಾಮನಗರ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರಗಳಿವೆ. ಬೆಂಗಳೂರಿನ ಹೊರಸುತ್ತಿನ ಊರುಗಳ ನಕ್ಷೆಯನ್ನು ಬರೆದು ಅದರ ಮೇಲೆ ಈ ಪಟ್ಟಿಯನ್ನು ಇಟ್ಟರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ರಾಮನಗರ, ಮಾಗಡಿಗಳನ್ನು ಹೆಣೆಯುವ ಉಪನಗರ ವರ್ತುಲ ರಸ್ತೆಯೂ ಇದೇ ನೆಲದ ಮೇಲೆ ಓಡುತ್ತದೆ. ರಸ್ತೆ ಬಂದಲ್ಲಿ ಸೈಟು, ಸೈಟು ಬಂದಲ್ಲಿ ಸಂಸಾರ, ಸಂಸಾರ ಬಂದ ಮೇಲೆ ‘ಪಾಪ, ಕುಡಿಯಲೂ ನೀರಿಲ್ಲ’ ಎಂಬ ಕೂಗು, ಕೂಗಿನ ಬೆನ್ನಿಗೆ ಮತ್ತೊಂದು ಪೈಪು. ಪೈಪಿನ ನೀರಿನಲ್ಲಿ ಕೈಗಾರಿಕಾ ಪ್ರದೇಶದ ಪಾಲೆಷ್ಟು, ಹೆದ್ದಾರಿ ಬದಿಯ ವಿಲ್ಲಾಗಳ ಹುಲ್ಲುಹಾಸಿನ ಪಾಲೆಷ್ಟು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಹೀಗಾಗಿ ಪಕ್ಕದ ಊರುಗಳೇ ಒಂದಕ್ಕೊಂದು ಎದುರಾಗಿ ನಿಲ್ಲುತ್ತಿವೆ. ಹೇಮಾವತಿಯ ನೀರನ್ನು ಕುಣಿಗಲ್, ಮಾಗಡಿಯ ಕಡೆಗೆ ನೇರ ಒಯ್ಯುವ ‘ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ’ಯ ವಿರುದ್ಧ 2024 ಮತ್ತು 2025ರಲ್ಲಿ ತುಮಕೂರು ಜಿಲ್ಲೆಯ ರೈತರು ರಸ್ತೆ ತಡೆದರು, ಕಾಮಗಾರಿ ತಡೆದರು. ‘ನಮ್ಮ ಹೇಮಾವತಿ’ ಎಂಬುದು ಅವರ ಘೋಷಣೆ. ಸಕಲೇಶಪುರದವರು ಎತ್ತಿನಹೊಳೆಗೆ ‘ನಮ್ಮ ಹೊಳೆ’ ಎಂದಾಗ ಅದು ಸಂಕುಚಿತ ಬುದ್ಧಿ ಎನಿಸಿಕೊಂಡಿತ್ತು. ನಾಲೆಯ ಮೇಲ್ತುದಿಯವನಿಗೆ ಕೆಳತುದಿಯವನ ಆತಂಕ ಅರ್ಥವಾಗುವುದಿಲ್ಲ, ತಾನು ಇನ್ನೊಬ್ಬನ ಕೆಳತುದಿ ಎಂಬುದು ತಿಳಿಯುವ ತನಕ.

ಇನ್ನೊಂದು ವಿಪರ್ಯಾಸವನ್ನು ಗಮನಿಸದೆ ಇರಲಾಗದು. 2011ರಲ್ಲಿ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಪಶ್ಚಿಮಘಟ್ಟದ ಬಗ್ಗೆ ವರದಿ ಕೊಟ್ಟವು. ಎಲ್ಲಿ ಗಣಿ ಬೇಡ, ಎಲ್ಲಿ ಕಟ್ಟಡ ಬೇಡ, ಯಾವ ಹಳ್ಳಿ ಸೂಕ್ಷ್ಮ ಎಂದು ಘಟ್ಟದವರಿಗೆ ಪಾಠವಾಯಿತು, ಗದ್ದಲವಾಯಿತು, ರಾಜಕೀಯವಾಯಿತು. ಆ ಪಾಠದಲ್ಲಿ ಸತ್ಯವಿಲ್ಲವೆಂದಲ್ಲ. ಗುಡ್ಡ ಕುಸಿದಾಗಲೆಲ್ಲ ಅದು ನೆನಪಾಗುತ್ತದೆ. ಆದರೆ ಘಟ್ಟದ ನೀರನ್ನು ಬಳಸುವ ಬಯಲಿನ ನಗರ ಎಷ್ಟು ಬೆಳೆಯಬಹುದು, ಅದರ ಬಡಾವಣೆಗೆ ಮಿತಿ ಯಾವುದು, ತನ್ನ ಕೊಳಚೆಯನ್ನು ಅದು ಏನು ಮಾಡಬೇಕು ಎಂದು ಅಷ್ಟೇ ಗದ್ದಲದೊಂದಿಗೆ ಯಾರೂ ಕೇಳಲಿಲ್ಲ. ಮಲೆನಾಡಿನ ಗದ್ದೆಯೊಂದನ್ನು ಅಳತೆ ಮಾಡಲು ಉಪಗ್ರಹ ಬರುತ್ತದೆ, ಹೆದ್ದಾರಿ ಬದಿಯ ಸೈಟಿಗೆ ತಲಾಟಿಯ ಚೀಟಿ ಸಾಕಾಗುತ್ತದೆ.

ತುಮಕೂರು ಸಣ್ಣ ಊರೇನೂ ಅಲ್ಲ, ಬಡ ಊರೂ ಅಲ್ಲ. ಅದಕ್ಕೆ ತನ್ನದೇ ಆದ ಬದುಕಿತ್ತು. ಸಿದ್ಧಗಂಗೆಯ ವಿದ್ಯಾರ್ಥಿ ನಿಲಯಗಳಲ್ಲಿ ಉಂಡು ಓದಿದವರು ನಾಡಿನ ಎಲ್ಲೆಡೆ ಇದ್ದಾರೆ. ದೇವರಾಯನದುರ್ಗದ ಕಾಡು ಜಯಮಂಗಲಿಗೂ ಶಿಂಷಾಗೂ ತವರು. ತುಮಕೂರು ಕೂಡ ಒಂದು ಬೆಟ್ಟದ ನೆರಳಿನ ಊರೆಂಬುದನ್ನು ಮಲೆನಾಡಿಗರು ಮರೆಯಬಾರದು. ನೂರಾರು ಎಕರೆಯ ಅಮಾನಿಕೆರೆ ಊರ ನಡುವೆಯೇ ಇದೆ. ಕೈಗಡಿಯಾರ ತಯಾರಿಸುತ್ತಿದ್ದ ಎಚ್‌ಎಂಟಿ ಕಾರ್ಖಾನೆ ಒಂದು ಪೀಳಿಗೆಗೆ ಅಲ್ಲೇ ಅನ್ನ ಕೊಟ್ಟಿತು; 2016ರಲ್ಲಿ ಅದು ಮುಚ್ಚಿತು. ಊರಿನೊಳಗಿನ ಅಂಥ ಕೆಲಸ ಮುಚ್ಚಿ, ಊರಿನ ಹೊರಗಿನ ಕೆಲಸಕ್ಕೆ ರೈಲು ಹೆಚ್ಚಾದಾಗ ಒಂದು ಪಟ್ಟಣದ ಸ್ವಭಾವವೇ ಬದಲಾಗುತ್ತದೆ. ಬೆಳಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವವನಿಗೆ ವಾರ್ಡಿನ ಸಭೆಗೆ ಬಿಡುವಿಲ್ಲ. ಊರ ಕೊಳಚೆ ಭೀಮಸಂದ್ರದ ಕೆರೆಯ ಕಡೆಗೆ ಹರಿಯುತ್ತದೆಂಬುದು ಅವನಿಗೆ ತಿಳಿಯುವ ಸಂದರ್ಭವೇ ಒದಗುವುದಿಲ್ಲ. ಭಾನುವಾರ ಒಂದು ದಿನ ಸಿಕ್ಕರೆ ನಿದ್ದೆ. ಅವನ ತೆರಿಗೆ ಒಂದೆಡೆ, ಓಟು ಇನ್ನೊಂದೆಡೆ, ಮನಸ್ಸು ಮೂರನೆಯ ಕಡೆ ಇರುತ್ತದೆ. ಊರಿನಲ್ಲಿ ಮಲಗುವವರು ಹೆಚ್ಚಿ ಬಾಳುವವರು ಕಡಿಮೆಯಾದಾಗ ಕೆರೆಯ ಅಂಗಳಕ್ಕೆ ಬೇಲಿ ಹಾಕುವವನಿಗೆ ಅನುಕೂಲ.

ಸಣ್ಣ ಪಟ್ಟಣಗಳೇ ಮೇಲು, ಮಹಾನಗರ ಒಡೆದು ಹಂಚಿಹೋಗಲಿ ಎಂದು ಪರಿಸರ ಚಳವಳಿಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಆ ಮಾತು ಇಂದಿಗೂ ಸರಿ. ಆದರೆ ಹಂಚಬೇಕಾದದ್ದು ಕೆಲಸವನ್ನು, ಅಧಿಕಾರವನ್ನು, ಕಾಲೇಜನ್ನು, ಆಸ್ಪತ್ರೆಯನ್ನು. ಹಾಸಿಗೆಯನ್ನು ಮಾತ್ರ ಹಂಚಿದರೆ ಮಹಾನಗರ ಒಡೆಯುವುದಿಲ್ಲ, ಹಿಗ್ಗುತ್ತದೆ. ಅದು ಮೆಟ್ರೋ ಹಳಿಯ ಜೊತೆ ಚಾಚಿಕೊಂಡು ಬರುತ್ತದೆ. ನಾಗಸಂದ್ರದ ಹಳಿ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಅದನ್ನು ತುಮಕೂರಿಗೆ ಎಳೆಯುವ ಮಾತು ಆಗಲೇ ಶುರುವಾಗಿದೆ. ತುಮಕೂರಿನ ಬಹುಮಂದಿ ಇದನ್ನು ಅಭಿವೃದ್ಧಿಯೆಂದು ಸ್ವಾಗತಿಸುತ್ತಿರುವುದು ಸಹಜ, ಬೆವರಿನ ಡಬ್ಬಿಯಲ್ಲಿ ನಿಂತು ಹೋಗುವವನಿಗೆ ಮೆಟ್ರೋ ಬೇಡವೆಂದು ಹೇಳುವುದು ಕ್ರೌರ್ಯ. ಆತನ ಕಚೇರಿಯನ್ನೇ ತುಮಕೂರಿಗೆ ತರಬಾರದೇಕೆ ಎಂಬ ಪ್ರಶ್ನೆ ಮಾತ್ರ ಅಂಥ ಸಭೆಗಳಲ್ಲಿ ಏಳುವುದಿಲ್ಲ.

ತರಲು ಸಾಧ್ಯವೆಂಬುದು ಕಂಡ ಸತ್ಯ. 2020ರಲ್ಲಿ ಕೋವಿಡ್ ಬಂದು ಬೆಂಗಳೂರು ಬಾಗಿಲು ಹಾಕಿದಾಗ ಮಲೆನಾಡಿನ ಹಳ್ಳಿಹಳ್ಳಿಗೂ ಮಕ್ಕಳು ಮರಳಿದರು, ಕೆಲಸವನ್ನು ಬಗಲಲ್ಲಿ ಇಟ್ಟುಕೊಂಡೇ ಮರಳಿದರು. ಜಗಲಿ ಕಚೇರಿಯಾಯಿತು. ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಯಲ್ಲಿ, ಗೇರುಮರದ ಬುಡದಲ್ಲಿ ಛತ್ರಿ ಹಿಡಿದು ಕೂತ ಹುಡುಗ ಹುಡುಗಿಯರನ್ನು ಕಾಣದ ಊರಿರಲಿಲ್ಲ. ವಿದ್ಯುತ್ತು ಹೋಗುತ್ತಿತ್ತು, ತಂತಿ ಹರಿಯುತ್ತಿತ್ತು, ಆದರೂ ಕೆಲಸ ನಡೆಯಿತು. ಬಹುಕಾಲದ ನಂತರ ಅಡಿಕೆ ಕೊಯ್ಲಿಗೆ ಮನೆಯ ಮಗನೇ ಸಿಕ್ಕ. ಆಮೇಲೆ ಕಂಪನಿಗಳು ಒಂದೊಂದಾಗಿ ಹಿಂದಕ್ಕೆ ಕರೆದವು. ಪೂರ್ತಿ ಊರಿನಲ್ಲಿ ಉಳಿಯಲಾಗದೆ, ಪೂರ್ತಿ ಬೆಂಗಳೂರಿಗೂ ಹೋಗಲಾರದೆ ತುಮಕೂರಿನಂಥ ನಡುದಾರಿಯ ಊರನ್ನು ಹಿಡಿದವರೂ ಅವರಲ್ಲಿದ್ದಾರೆ. ಆ ಒಂದೂವರೆ ಎರಡು ವರ್ಷಗಳ ಅನುಭವವನ್ನು ಸರ್ಕಾರ ಒಂದು ನೀತಿಯಾಗಿ ಬೆಳೆಸಬಹುದಿತ್ತು. ತಾಲ್ಲೂಕು ಕೇಂದ್ರಗಳಲ್ಲಿ ನಂಬಲರ್ಹ ವಿದ್ಯುತ್ತು, ಅಂತರ್ಜಾಲ, ಕೂತು ಕೆಲಸ ಮಾಡಲು ಒಂದು ಕಟ್ಟಡ ಒದಗಿಸಲು ಎಕ್ಸ್‌ಪ್ರೆಸ್ ಹೆದ್ದಾರಿಯಷ್ಟು ಹಣ ಬೇಕಿರಲಿಲ್ಲ. ಕಟ್ಟಡ ಒಂದರಿಂದಲೇ ಆಗದು ಎಂಬುದಕ್ಕೂ ಉದಾಹರಣೆಯಿದೆ: 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧ ಚಳಿಗಾಲದ ಅಧಿವೇಶನದ ನೆಪದಲ್ಲಿ ಮೈಕೊಡವಿ ಏಳುತ್ತದೆ, ಕಡತಗಳು ಬೆಂಗಳೂರು ಬಿಟ್ಟು ಅಲುಗಲಿಲ್ಲ.

ನೀರಿನ ವಿಷಯದಲ್ಲಿ ತುಮಕೂರು ಪರಾವಲಂಬಿಯಾಗಿಯೇ ಇರಬೇಕೆಂಬ ವಿಧಿಯೇನಿಲ್ಲ. ಅಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದು ಕಡಿಮೆಯಾಗಿಯೇ ಹಿಡಿದು, ಮೂವತ್ತು ನಲವತ್ತರ ಸೈಟಿನ ಮನೆಗೆ 100 ಚದರ ಮೀಟರ್ ತಾರಸಿ ಎಂದುಕೊಂಡರೆ 60 ಸಾವಿರ ಲೀಟರ್ ನೀರು ಅದರ ಮೇಲೇ ಸುರಿಯುತ್ತದೆ. ನಾಲ್ವರ ಸಂಸಾರದ ವರ್ಷದ ಅಗತ್ಯ ಸರ್ಕಾರಿ ಅಳತೆಯಲ್ಲಿ 1 ಲಕ್ಷ 97 ಸಾವಿರ ಲೀಟರು. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಸ್ವಂತ ಸೂರಿನಿಂದಲೇ ಬಂತು. ಉಳಿದುದರಲ್ಲಿ ಅಮಾನಿಕೆರೆಯಂಥ ಕೆರೆಗಳ ಪಾಲನ್ನೂ, ಶುದ್ಧೀಕರಿಸಿ ಮರುಬಳಸಿದ ನೀರನ್ನೂ ಕಳೆದ ಮೇಲೆ ಹೇಮಾವತಿಯನ್ನು ಎಷ್ಟು ಬೇಡಬೇಕು ಎಂಬ ಲೆಕ್ಕವನ್ನು ಪ್ರತಿ ಬಡಾವಣೆಯ ಅನುಮೋದನೆಗೆ ಮುನ್ನ ಮಾಡಿಸುವುದು ಅಸಾಧ್ಯದ ಕೆಲಸವಲ್ಲ. ಹೊಸದಾಗಿ ಮನೆ ಕಟ್ಟುವವರೇ ಇದಕ್ಕೆ ಮೊದಲು ಒಪ್ಪಿಯಾರು. ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದವರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ.

ಈ ಕೆಲಸದಲ್ಲಿ ಮಲೆನಾಡಿನ ಪಾಲೂ ಇದೆ. ಪಟ್ಟಣಗಳ ಮಹಾಯೋಜನೆಯ ಕರಡು ಪ್ರಕಟವಾದಾಗ ಸಲಹೆ, ಆಕ್ಷೇಪಗಳಿಗೆ ಕಾನೂನು ಕಾಲಾವಕಾಶ ಕೊಡುತ್ತದೆ. ಅಂಥ ಕರಡುಗಳನ್ನು ಆ ಊರಿನ ಭೂವ್ಯವಹಾರದವರು ಬಲ್ಲರು, ಓದುತ್ತಾರೆ, ಗೆರೆ ಎಲ್ಲಿ ಬಾಗಬೇಕೆಂದು ಅರ್ಜಿ ಹಾಕುತ್ತಾರೆ. ಹೇಮಾವತಿಯ ಹುಟ್ಟಿನಲ್ಲಿರುವ ಗ್ರಾಮ ಪಂಚಾಯಿತಿಗಳು ಅತ್ತ ನೋಡುವುದಿಲ್ಲ, ಅದು ಬೇರೆ ಜಿಲ್ಲೆಯ ಸಂಗತಿ ಎಂದು. ಮೂಡಿಗೆರೆ, ಸಕಲೇಶಪುರ, ಆಲೂರಿನ ಗ್ರಾಮಸಭೆಗಳಲ್ಲಿ ಒಂದೊಂದು ನಿರ್ಣಯ ಮಾಡಿ, ತುಮಕೂರಿನ ಕರಡಿಗೆ ಆಕ್ಷೇಪವೆಂದಲ್ಲದಿದ್ದರೂ ಪ್ರಶ್ನೆಯಾಗಿ ಕಳುಹಿಸಬಹುದು. ಹೊಸ ಬಡಾವಣೆಗಳಿಗೆ ನೀರು ಎಲ್ಲಿಂದ, ಎಷ್ಟು, ಬರಗಾಲದ ವರ್ಷದಲ್ಲಿ ಯಾರ ಪಾಲಿನಿಂದ ಎಂದು ಕೇಳಿದರೆ ಸಾಕು. ಮಲೆನಾಡಿನ ಕಾಲೇಜುಗಳಲ್ಲಿ ಭೂಗೋಳ, ಅರ್ಥಶಾಸ್ತ್ರ ಓದುತ್ತಿರುವವರು ಬುಗುಡನಹಳ್ಳಿಯಿಂದ ಜಾವಳಿಯವರೆಗೆ ನಾಲೆಯ ಗುಂಟ ಒಮ್ಮೆ ಮೇಲಕ್ಕೆ ಪ್ರಯಾಣ ಮಾಡಿ ಆ ಪತ್ರಗಳನ್ನು ಬರೆದುಕೊಡಬಹುದು. ಅವರಲ್ಲಿ ಕೆಲವರಾದರೂ ನಾಲ್ಕಾರು ವರ್ಷಗಳಲ್ಲಿ ತುಮಕೂರಿನ ಬೆಳಗಿನ ಗಾಡಿಗೆ ಕಾಯುತ್ತ ನಿಲ್ಲುವವರೇ. ಆ ಊರಿನ ಹಳಬರು, ಭೀಮಸಂದ್ರದ ರೈತರು, ತಿಂಗಳ ಪಾಸಿನ ಪ್ರಯಾಣಿಕರು ಈ ಪ್ರಶ್ನೆಗೆ ದನಿಗೂಡಿಸುವುದಿಲ್ಲವೆಂದು ಈಗಲೇ ಹೇಳುವಂತಿಲ್ಲ. ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.